ಹಳೆಯ ವಿಡಿಯೊ ಗೇಮ್ ಸಂಗೀತವನ್ನು ನನ್ನ ತಂತ್ರಾಂಶದಲ್ಲಿ ನುಡಿಸಬೇಕು. ಯಾವ ಚಿಪ್‌ನ ಎಮ್ಯುಲೇಟರ್, ಅಂದರೆ ಅದನ್ನು ಅನುಕರಿಸುವ ಕೋಡ್, ಮೊದಲು ಬರೆಯಲಿ?

ಆರು ವರ್ಷಗಳ ಹಿಂದೆ ಶಿರಸಿಯ ಮನೆಯ ಜಗಲಿಯಲ್ಲಿ ಕುಳಿತು ನಾನೂ ಇದನ್ನೇ ಯೋಚಿಸುತ್ತಿದ್ದೆ. ಮಕ್ಕಳಿಗೆ ಅಕ್ಷರ ಕಲಿಸುವ ಆಟವೊಂದನ್ನು ಬರೆಯುತ್ತಿದ್ದೆ. ಅದಕ್ಕೆ ನಿಂಟೆಂಡೊದ ಹಳೆಯ ಎನ್‌ಇಎಸ್ ಯಂತ್ರದ ನಾದವೇ ಬೇಕೆಂಬ ಹಟ. ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಒಂದು ಮುದ್ರಿತ ಧ್ವನಿಯ ತುಣುಕು: ಇರುವುದು ಧ್ವನಿಯ ಐದೇ ಚಾನೆಲ್. ಎಲ್ಲವನ್ನೂ ನಾನೇ ಬರೆದೆ. ಮೊದಲ ಹಾಡು ಕೇಳಿದ ರಾತ್ರಿ ಸಂತೋಷಕ್ಕೆ ನಿದ್ದೆ ಹತ್ತಲಿಲ್ಲ.

ಆಮೇಲೆ ಮಳೆಗಾಲ ಬಂತು. ಕರೆಂಟ್ ಹೋದಾಗಲೆಲ್ಲ ಹಾಡು ಎಳೆದಂತೆ ಕೇಳುತ್ತಿತ್ತು. ಶ್ರುತಿ ಕದಲದಿದ್ದುದರಿಂದ ಕಿವಿಯ ಭ್ರಮೆ ಎಂದುಕೊಂಡೆ. ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದ ದೊಡ್ಡಪ್ಪ ಒಳಗಿನಿಂದಲೇ ಕೂಗಿದರು: "ತಮ್ಮಾ, ಲಯ ಬಿತ್ತಲ್ಲೋ!"

ತಪ್ಪು ಇಲ್ಲಿತ್ತು. ಆ ಯಂತ್ರದ ಬಹುತೇಕ ಆಟಗಳಲ್ಲಿ ಪರದೆಯ ಒಂದು ಚಿತ್ರ ಮುಗಿದಾಗಲೆಲ್ಲ, ಸೆಕೆಂಡಿಗೆ ಸುಮಾರು 60 ಸಲ, ಸಂಗೀತದ ಕೋಡ್ ಒಮ್ಮೆ ನಡೆಯುತ್ತದೆ. ಯುರೋಪಿನ ಯಂತ್ರಗಳಲ್ಲಿ 50 ಸಲ. ಇದನ್ನು ಓದಿದ ನಾನು ಸಂಗೀತದ ಕೋಡನ್ನು ನಡೆಸುವ ಕರೆಯನ್ನು ನನ್ನ ಆಟದ ಪರದೆ ಚಿತ್ರಿಸುವ ಲೂಪಿನೊಳಗೇ ಇಟ್ಟುಬಿಟ್ಟೆ. ಸ್ವರದ ಎತ್ತರ ಚಿಪ್‌ನ ರಿಜಿಸ್ಟರ್‌ಗಳೆಂಬ ಪುಟ್ಟ ನೆನಪಿನ ಕೋಶಗಳಲ್ಲಿ ಉಳಿದಿರುತ್ತದೆ, ಆದ್ದರಿಂದ ಅದು ಕೆಡುವುದಿಲ್ಲ. ಮುಂದಿನ ಸ್ವರ ಯಾವಾಗ ಬರಬೇಕೆಂಬುದನ್ನು ಈ ಕರೆ ತೀರ್ಮಾನಿಸುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪ್ ಸೆಕೆಂಡಿಗೆ 40 ಚಿತ್ರಕ್ಕೆ ಇಳಿದರೆ ಹಾಡಿನ ವೇಗವೂ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. 144 ಹರ್ಟ್ಸ್ ಮಾನಿಟರಿನಲ್ಲಿ ಅದೇ ಹಾಡು ಎರಡು ಪಟ್ಟಿಗೂ ಮೀರಿ ಓಡುತ್ತದೆ. ನಾನಾದರೋ ಎರಡು ತಿಂಗಳು ಟ್ರಯಾಂಗಲ್ ಚಾನೆಲ್ಲಿನ ಕೌಂಟರುಗಳನ್ನು ಬಗೆದು ನೋಡುತ್ತಿದ್ದೆ. ಅಷ್ಟರಲ್ಲಿ ಕರೆಂಟಿಲ್ಲದ ಶಾಲೆಯೊಂದರಲ್ಲಿ ಆಟ ತೋರಿಸಿ, ಮಕ್ಕಳು ಆಕಳಿಸಿದ್ದನ್ನೂ ಕಂಡೆ.

ದೊಡ್ಡಪ್ಪನಿಗೆ ಕೊನೆಗೆ ಎಲ್ಲವನ್ನೂ ವಿವರಿಸಿದಾಗ ಅವರಿಗೆ ಸಿಟ್ಟೇ ಬಂತು. "ಭಾಗವತರ ತಾಳಕ್ಕೆ ವೇಷ ಕುಣಿಯಬೇಕು. ವೇಷ ದಣಿಯಿತೆಂದು ತಾಳ ನಿಧಾನವಾಗುತ್ತದೆಯೇ?"

ತಾಳ ಹಾಕಬೇಕಾದದ್ದು ಧ್ವನಿ. ಸೆಕೆಂಡಿಗೆ ಹೊರಡುವ 44,100 ಸ್ಯಾಂಪಲ್‌ಗಳನ್ನು, ಅಂದರೆ ಧ್ವನಿಯ ಬಿಡಿ ಅಳತೆಗಳನ್ನು, 60ರಿಂದ ಭಾಗಿಸಿದರೆ 735. ಅಷ್ಟು ಸ್ಯಾಂಪಲ್ ಹೊರಟಾಗಲೆಲ್ಲ ಒಂದು ಕರೆ. ಆಟದ ಸಂಗೀತವನ್ನು ಚಿಪ್‌ಗೆ ಕೊಟ್ಟ ಆಜ್ಞೆಗಳಾಗಿ ಉಳಿಸುವ ವಿಜಿಎಂ ಕಡತಗಳಲ್ಲಿ 735 ಸ್ಯಾಂಪಲ್ ಕಾಯುವುದಕ್ಕೆಂದೇ ಒಂದು ಆಜ್ಞೆಯಿದೆ, 50 ಸಲದ ಯಂತ್ರಗಳ 882ಕ್ಕೆ ಇನ್ನೊಂದು. ಎನ್‌ಇಎಸ್ ಸಂಗೀತದ ಎನ್‌ಎಸ್‌ಎಫ್ ಕಡತವಾದರೆ ಕರೆಗಳ ನಡುವಿನ ಅವಧಿಯನ್ನು ಮೈಕ್ರೊಸೆಕೆಂಡುಗಳಲ್ಲಿ ತನ್ನ 128 ಬೈಟ್‌ಗಳ ತಲೆಬರಹದಲ್ಲೇ ಹೇಳುತ್ತದೆ.

ಹಾಗಾಗಿ ನೀವು ಯಾವ ಚಿಪ್‌ನ ಎಮ್ಯುಲೇಟರನ್ನೂ ಬರೆಯಬೇಡಿ. ಶೇ ಗ್ರೀನ್ ರೂಪಿಸಿದ ಗೇಮ್ ಮ್ಯೂಸಿಕ್ ಎಮು ಎಂಬ ಲೈಬ್ರರಿ ಎನ್‌ಎಸ್‌ಎಫ್, ಸೂಪರ್ ನಿಂಟೆಂಡೊದ ಎಸ್‌ಪಿಸಿ, ಗೇಮ್ ಬಾಯ್‌ನ ಜಿಬಿಎಸ್, ವಿಜಿಎಂ ಎಲ್ಲವನ್ನೂ ನುಡಿಸುತ್ತದೆ. ಅದಕ್ಕೆ ಕೊಡುವ ಸ್ಯಾಂಪಲ್ ಸಂಖ್ಯೆ ಎಡಬಲ ಎರಡೂ ಸೇರಿದ್ದು, ಅಷ್ಟು ನೆನಪಿಡಿ. ಲೈಬ್ರರಿಯನ್ನು ಧ್ವನಿಯ ಕಾಲ್‌ಬ್ಯಾಕಿನಿಂದ, ಅಂದರೆ ಸ್ಯಾಂಪಲ್ ಬೇಕಾದಾಗ ಧ್ವನಿವ್ಯವಸ್ಥೆಯೇ ಕರೆಯುವ ಕೋಡಿನಿಂದ, ಮಾತ್ರ ಕರೆಯಿರಿ. ಚಿತ್ರಿಸುವ ಕೋಡ್ ಅದರ ಹತ್ತಿರವೂ ಸುಳಿಯಬಾರದು. ಹಳೆಯ ಆಟಗಳ ಹಾಡುಗಳನ್ನು ತಂದು ಹಂಚುವುದೂ ಬೇಡ, ಅವಕ್ಕೆ ಹಕ್ಕುದಾರರಿದ್ದಾರೆ. ಎನ್‌ಇಎಸ್ ಸಂಗೀತ ರಚಿಸುವ ಫ್ಯಾಮಿಟ್ರ್ಯಾಕರ್ ತಂತ್ರಾಂಶದಲ್ಲಿ ನೀವೇ ರಚಿಸಿ ಎನ್‌ಎಸ್‌ಎಫ್ ಆಗಿ ಉಳಿಸಿಕೊಳ್ಳಬಹುದು.

ಎಲ್ಲ ಮುಗಿದ ಮೇಲೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿ.