ಡಿಸ್ಚಾರ್ಜ್ ಬುಕ್ಕಿನಲ್ಲಿ ರತ್ನ, ಆಧಾರ್‌ನಲ್ಲಿ ರತ್ನಮ್ಮ

ಪ್ರಶ್ನೆ: ಹವಾಲ್ದಾರ್ ಆಗಿ ನಿವೃತ್ತರಾಗಿದ್ದ ನಮ್ಮ ಯಜಮಾನರು 62ನೇ ವಯಸ್ಸಿಗೆ, ಎರಡು ತಿಂಗಳ ಹಿಂದೆ ತೀರಿಕೊಂಡರು. ಸೇನೆ ಬಿಡುವಾಗ ಅವರಿಗೆ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ನನ್ನ ಹೆಸರು ರತ್ನ, ಆಧಾರ್‌ನಲ್ಲಿ ರತ್ನಮ್ಮ. ಅವರ ಪಿಂಚಣಿ ಇನ್ನೂ ಖಾತೆಗೆ ಬೀಳುತ್ತಿದೆ. ವರ್ಷದೊಳಗೆ ಮಗಳ ಧಾರೆ ಎರೆಯಬೇಕು. ಏನು ಮಾಡಲಿ?
– ಓದುಗರು, ಶಿರಾ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಆ ಹಣ ತೆಗೆಯಬೇಡಿ. ಅದು ಯಜಮಾನರ ಪಿಂಚಣಿ. ಅವರು ತೀರಿಕೊಂಡ ಮರುದಿನದಿಂದ ನಿಮಗೆ ಸಲ್ಲುವುದು ಕುಟುಂಬ ಪಿಂಚಣಿ. ಖರ್ಚಾದರೆ ಮುಂದೆ ನಿಮ್ಮ ಪಿಂಚಣಿಯಲ್ಲಿ ಮುರಿದುಕೊಳ್ಳುತ್ತಾರೆ. ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೂ, ಸೇನಾ ಪಿಂಚಣಿ ನೋಡಿಕೊಳ್ಳುವ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೂ ಸುದ್ದಿ ಮುಟ್ಟಿಸಿ.

ಇನ್ನು ಹೆಸರು. ಪಿಪಿಓದಲ್ಲಿ, ಅಂದರೆ ಪಿಂಚಣಿ ಮಂಜೂರಾತಿ ಆದೇಶದಲ್ಲಿ, ಹೇಗಿದೆ ನೋಡಿ. ತೀರ್ಮಾನ ಆಗುವುದು ಅದರ ಮೇಲೆ. ಅಲ್ಲಿಯೂ 'ರತ್ನ' ಎಂದೇ ಇದ್ದರೆ ಆಧಾರ್, ಪ್ಯಾನ್‌ಗೆ ತಾಳೆಯಾಗದೆ ಅರ್ಜಿ ನಿಲ್ಲುತ್ತದೆ. ನಮ್ಮ ಕಡೆಯ ಅರ್ಜಿಗಳಿಗೆ ಈ 'ಮ್ಮ' ಕೊಡುವ ಕಾಟ ಅಷ್ಟಿಷ್ಟಲ್ಲ. ಆಧಾರ್ ತಿದ್ದಿಸುವುದು ಸುಲಭವೆನಿಸೀತು, ಆದರೆ ಆಮೇಲೆ ಪಾಸ್‌ಬುಕ್, ಪಹಣಿ, ಮಕ್ಕಳ ಟಿ.ಸಿ. ಎಲ್ಲವೂ ಬೇರೆಯಾಗುತ್ತವೆ. ಸೇನೆಯ ದಾಖಲೆ ತಿದ್ದಿಸುವುದೇ ಮೇಲು. ರತ್ನ, ರತ್ನಮ್ಮ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ. ನೋಟರಿಯದ್ದು ಎಷ್ಟೋ ಸಲ ವಾಪಸ್ ಬರುತ್ತದೆ, ಮ್ಯಾಜಿಸ್ಟ್ರೇಟ್ ಮುಂದೆ ಮಾಡಿಸಿದ್ದೇ ಕ್ಷೇಮ. ಅದರ ಜೊತೆ ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ ಪ್ರತಿ ಇಟ್ಟು, ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅವರ ರೆಜಿಮೆಂಟಿನ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿಗೆ ಕಳಿಸಿ. ಅಲ್ಲಿ ಪಾರ್ಟ್-2 ಆರ್ಡರ್, ಅಂದರೆ ದಾಖಲೆ ಬದಲಾಯಿಸುವ ಆದೇಶ, ಆದ ಮೇಲೆ ತಿದ್ದಿದ ಪಿಪಿಓ ಬರಬೇಕು. ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಸ್ವೀಕೃತಿ ಪಡೆಯದೆ ಕಾಗದ ಕೊಡಬೇಡಿ.

ಮೊತ್ತ ಎಷ್ಟು? ಹೆಚ್ಚಿನ ದರ, ಅಂದರೆ ಕೊನೆಯ ಸಂಬಳದ ಶೇ 50, ಸಿಗುವುದು 7 ವರ್ಷ ಅಥವಾ ಅವರಿಗೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ನಿಮಗೆ ಸುಮಾರು 5 ವರ್ಷ. ಆಮೇಲೆ ಶೇ 30. ಪ್ರತಿ ವರ್ಷ ಜೀವನ ಪ್ರಮಾಣಪತ್ರ ತಪ್ಪಬಾರದು.

ಮದುವೆ ನೆರವು ಕೇಂದ್ರೀಯ ಸೈನಿಕ ಮಂಡಳಿಯದು. ಹವಾಲ್ದಾರ್ ದರ್ಜೆಯವರೆಗಿನವರ ಇಬ್ಬರು ಹೆಣ್ಣುಮಕ್ಕಳಿಗೆ ಸಿಗುತ್ತದೆ. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 50,000ದ ಬದಲು 1,00,000 ರೂಪಾಯಿ. ಮದುವೆಯಾದ 180 ದಿನಗಳೊಳಗೆ ಆನ್‌ಲೈನ್ ಅರ್ಜಿ ಹಾಕಲೇಬೇಕು. ಲಗ್ನಪತ್ರಿಕೆ ನಂಬಿ ಕೂರಬೇಡಿ, ಧಾರೆಯಾದ ವಾರದಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಪಿಪಿಓ ತಿದ್ದುಪಡಿ ಬರಲೆಂದು ಇದನ್ನು ತಡೆಯಲೂಬೇಡಿ: ಅಫಿಡವಿಟ್ ಪ್ರತಿ ಲಗತ್ತಿಸಿ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಷಯ ತಿಳಿಸಿ, ಅರ್ಜಿ ಹಾಕಿಬಿಡಿ.