ತಾಯಿ ಬೆಕ್ಕು ಓಡಿಹೋಗಿಲ್ಲ, ನೀವು ಸ್ವಲ್ಪ ದೂರ ಸರಿಯಿರಿ

ಬೀದಿ ಬೆಕ್ಕು ಮರಿ ಹಾಕಿದಾಗಲೆಲ್ಲ ನನಗೆ ಬರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಒಳ್ಳೆಯ ಮನಸ್ಸಿನವರು ಅವಸರಪಟ್ಟು ಮರಿಗಳನ್ನು ಕಳೆದುಕೊಳ್ಳುವುದನ್ನು ನೋಡಿ ನೋಡಿ ಬೇಸತ್ತಿದ್ದೇನೆ. ಆದ್ದರಿಂದ ಅದೊಂದಕ್ಕೆ ಈ ಸಲ ಬಿಡಿಸಿ ಉತ್ತರ.

ಪ್ರಶ್ನೆ: ಮೆಟ್ಟಿಲ ಕೆಳಗೆ ಬೀದಿ ಬೆಕ್ಕೊಂದು ನಾಲ್ಕು ಮರಿ ಹಾಕಿದೆ. ಬೆಳಿಗ್ಗೆಯಿಂದ ತಾಯಿಯ ಸುಳಿವಿಲ್ಲ. ಮರಿಗಳು ನಮ್ಮನ್ನು ಕಂಡರೆ ಬುಸುಗುಟ್ಟುತ್ತವೆ. ಒಳಗೆ ತಂದು ಹಸುವಿನ ಹಾಲು ಕುಡಿಸಬಹುದೇ?

ತರಬೇಡಿ. ತಾಯಿ ಆಹಾರ ಹುಡುಕಿಕೊಂಡು ಗಂಟೆಗಟ್ಟಲೆ ಹೊರಗಿರುತ್ತದೆ. ತಿರುಗಿ ಬಂದಾಗ ನೀವು ಅಲ್ಲೇ ಬಗ್ಗಿ ನೋಡುತ್ತಿದ್ದರೆ ಎಲ್ಲೋ ಮರೆಯಲ್ಲಿ ಕೂತು ನೀವು ಹೋಗುವುದನ್ನೇ ಕಾಯುತ್ತದೆ. ಮರಿಗಳಿರುವ ಜಾಗದ ಸುತ್ತ ತೆಳ್ಳಗೆ ಹಿಟ್ಟು ಉದುರಿಸಿ, ಅಲ್ಲಿಂದ ಹೊರಡಿ. ತಾಯಿ ಬಂದು ಹೋಗಿದ್ದರೆ ಹೆಜ್ಜೆ ಮೂಡಿರುತ್ತದೆ. ಮರಿಗಳು ಹೊಟ್ಟೆ ತುಂಬಿ, ಒಂದರ ಮೇಲೊಂದು ಬಿದ್ದು ಸದ್ದಿಲ್ಲದೆ ಮಲಗಿದ್ದರೆ ಅವಕ್ಕೆ ನಿಮ್ಮಿಂದ ಏನೂ ಬೇಕಿಲ್ಲ. ಮೈ ತಣ್ಣಗಾಗಿ, ಹೊಟ್ಟೆ ಒಳಸೇರಿ, ಬಿಡದೆ ಅರಚುತ್ತಿದ್ದರೆ ಮಾತ್ರ ಎತ್ತಿಕೊಳ್ಳಿ.

ಹಾಗೆ ಎತ್ತಿಕೊಂಡರೆ ಮೊದಲು ಬಿಸುಪು, ಆಮೇಲೆ ಹಾಲು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಹಸುವಿನ ಹಾಲು ಬೇಡವೇ ಬೇಡ. ಭೇದಿಯಾದರೆ ಇಷ್ಟು ಚಿಕ್ಕ ಮೈಯ ನೀರು ಆರಲು ಹೆಚ್ಚು ಹೊತ್ತು ಬೇಡ. ಬೆಕ್ಕಿನ ಮರಿಗೆಂದೇ ಇರುವ ಹಾಲಿನ ಪುಡಿಯನ್ನು ಪಶುವೈದ್ಯರಲ್ಲಿ ಕೇಳಿ. ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಿ. ಮಗುವಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ಸುಮಾರು 3 ವಾರದವರೆಗೆ ಮರಿ ತಾನಾಗಿ ಮೂತ್ರ ಮಾಡುವುದಿಲ್ಲ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೃದುವಾಗಿ ಒರೆಸಬೇಕು. ರಾತ್ರಿಯೂ ಎದ್ದು ಇದನ್ನೆಲ್ಲ ಮಾಡಲಾಗದವರು ತಾಯಿಯ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನು ಬುಸುಗುಟ್ಟುವ ಮಾತು. ಅದು ಭಯ, ಅಷ್ಟೇ. ಮರಿ ಮನುಷ್ಯರಿಗೆ ಸುಲಭವಾಗಿ ಒಗ್ಗುವುದು ಹೆಚ್ಚಾಗಿ 2ರಿಂದ 7 ವಾರದ ನಡುವೆ. ತಾಯಿಗೆ ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಊಟ ಇಟ್ಟು ದೂರದಲ್ಲಿ ಸುಮ್ಮನೆ ಕೂತಿರಿ. 4 ವಾರ ದಾಟಿದ ಮರಿಗಳು ತಾಯಿಯ ತಟ್ಟೆಗೆ ಮೂತಿ ಹಾಕತೊಡಗುತ್ತವೆ. ಆಗ ಉದ್ದನೆಯ ಚಮಚದ ತುದಿಗೆ ನುಣ್ಣಗೆ ಅರೆದ ಮಾಂಸ ಸವರಿ ಚಾಚಿ. ಬೆನ್ನು ಗೂನಾಗಿಸಿ, ಕಿವಿ ಹಿಂದಕ್ಕೆ ಮಲಗಿಸಿ ಬುಸುಗುಟ್ಟುತ್ತಲೇ ಮರಿ ಒಮ್ಮೆ ನೆಕ್ಕುತ್ತದೆ, ಹಿಂದೆ ಜಿಗಿಯುತ್ತದೆ, ಮತ್ತೆ ಬರುತ್ತದೆ. ಚಮಚವನ್ನು ದಿನದಿಂದ ದಿನಕ್ಕೆ ನಿಮ್ಮತ್ತ ಎಳೆದುಕೊಳ್ಳಿ. ಅಟ್ಟಿಸಿಕೊಂಡು ಹೋಗಿ ಹಿಡಿದರೆ ಅಷ್ಟು ದಿನದ ನಂಬಿಕೆಯೆಲ್ಲ ಹೋಯಿತು. 8 ವಾರದ ಹೊತ್ತಿಗೆ ಹಾಲು ಬಿಟ್ಟಿರುತ್ತವೆ, ಆಗ ಮನೆ ಹುಡುಕಿ. ನಾಲ್ಕೈದು ತಿಂಗಳಾದರೂ ಮನುಷ್ಯರ ಸ್ಪರ್ಶ ಕಾಣದ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ ಪಳಗಿಸಲು ಹೊರಡಬೇಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಅದರ ಜಾಗಕ್ಕೇ ಬಿಡಿ.

ಮರಿಗಳ ಚಂದದಲ್ಲಿ ಎಲ್ಲರೂ ಮರೆಯುವುದು ತಾಯಿಯನ್ನು. ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಗಬ್ಬವಾಗಬಹುದು. ಗರ್ಭದ ಅವಧಿ ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮರಿಗಳು ಹಾಲು ಬಿಟ್ಟ ಕೂಡಲೇ ತಾಯಿಯನ್ನು ಬೋನಿನಲ್ಲಿ ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಹಿಂದಿನ ದಿನ ಊಟ ಇಡಬೇಡಿ, ಹಸಿದಿದ್ದರೇ ಬೋನಿಗೆ ಬರುತ್ತದೆ. ಬಾಗಿಲು ಬಿದ್ದ ತಕ್ಷಣ ಬೋನಿಗೆ ದಪ್ಪ ಬಟ್ಟೆ ಹೊದಿಸಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಹೀಗೆ ಮಾಡದೆ ಬರೀ ಊಟ ಹಾಕುವವರ ಪ್ರೀತಿಯನ್ನು ನಾನು ಮೆಚ್ಚಲಾರೆ. ಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುವವರ ಬಗ್ಗೆ ಮಾತೇ ಬೇಡ, ಅದು ಕ್ರೌರ್ಯ.

ಪ್ರಶ್ನೆ: ನಾವು ಮುಟ್ಟಿದರೆ ಆ ವಾಸನೆಗೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತದಂತೆ?

ಸುಳ್ಳು. ಪದೇ ಪದೇ ಹೋಗಿ ಕಾಟ ಕೊಟ್ಟರೆ ಜಾಗ ಬದಲಿಸುತ್ತದೆ, ಮರಿಗಳನ್ನು ಕಚ್ಚಿಕೊಂಡೇ ಹೋಗುತ್ತದೆ.

ಪ್ರಶ್ನೆ: ಒಮ್ಮೆಯಾದರೂ ಮರಿ ಹಾಕಿದ ಮೇಲೆ ಆಪರೇಷನ್ ಮಾಡಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೇ?

ಅಲ್ಲ. ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಸ್ತನದ ಕ್ಯಾನ್ಸರ್ ಬರುವ ಸಾಧ್ಯತೆಯೂ ತುಂಬಾ ಕಡಿಮೆಯಾಗುತ್ತದೆ.

ಪ್ರಶ್ನೆ: ಜ್ವರ ಬಂದ ಬೆಕ್ಕಿಗೆ ಕಾಲು ಮಾತ್ರೆ ಪ್ಯಾರಸಿಟಮಾಲ್ ಕೊಡಲು ಪರಿಚಯದವರೊಬ್ಬರು ಹೇಳಿದರು.

ಆ ಪರಿಚಯದವರು ಇನ್ನು ಯಾವ ಪ್ರಾಣಿಗೂ ಔಷಧಿ ಹೇಳದಿರಲಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಚೂರೂ ಕೊಡಬೇಡಿ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯೂ ಅಷ್ಟೇ ಅಪಾಯಕಾರಿ.

ಪ್ರಶ್ನೆ: ತಾಯಿ ಬೆಕ್ಕು ಕಚ್ಚಿತು. ಸಣ್ಣ ಗಾಯ, ಮನೆಮದ್ದು ಹಚ್ಚಿದ್ದೇನೆ. ಸಾಕೇ?

ಸಾಲದು. ಹಚ್ಚಿದ್ದನ್ನೆಲ್ಲ ತೊಳೆದು, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಿರಿ. ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಇವತ್ತೇ ಕಾಣಿ, ನಾಳೆಗೆ ಮುಂದೂಡಬೇಡಿ.