ಮನೆಗೆ ವೈ-ಫೈ ಬಂತು, ಗುಡ್ಡ ಹತ್ತುವುದು ಮಾತ್ರ ನಿಂತಿಲ್ಲ

ಪ್ರಶ್ನೆ: ನನಗೆ 31 ವರ್ಷ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಮದುವೆಯಾಗಿ ಏಳು ವರ್ಷ, ಐದು ವರ್ಷದ ಮಗ ಇದ್ದಾನೆ. ನಮ್ಮನೆಯವರು ತೋಟ ನೋಡಿಕೊಳ್ಳುತ್ತಾರೆ. ಒಳ್ಳೆಯವರು, ಒಂದು ದಿನವೂ ಕೈ ಎತ್ತಿದವರಲ್ಲ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮನೆ ಹಿಂದಿನ ಗುಡ್ಡ ಹತ್ತಿ ನೆಲ್ಲಿಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ಇಷ್ಟು ವರ್ಷ ಅಲ್ಲಿಂದಲೇ ಫೋನ್ ಮಾಡುತ್ತಿದ್ದೆ. ಹೋದ ವರ್ಷ ಮನೆಗೆ ಫೈಬರ್ ಹಾಕಿಸಿದರು, ಈಗ ಜಗಲಿಯಲ್ಲಿ ಕೂತೇ ಮಾತಾಡಬಹುದು. ಆದರೂ ನಾನು ಗುಡ್ಡಕ್ಕೇ ಹೋಗುತ್ತೇನೆ. “ಮನೇಲೇ ನೆಟ್‌ವರ್ಕ್ ಇರುವಾಗ ಗುಡ್ಡಕ್ಕೆ ಹೋಗೋದು ಎಂಥಕ್ಕೆ? ನನ್ನ ಫೋನಿಗೆ ಲಾಕೇ ಇಲ್ಲ, ಬೇಕಾದರೆ ನೋಡು” ಅನ್ನುತ್ತಾರೆ. ನಾನು ಹೆಚ್ಚಾಗಿ ಮಾತಾಡುವುದು ಅಕ್ಕನ ಜೊತೆ. ಅವಳು ಗಂಡನನ್ನು ಬಿಡುವ ಯೋಚನೆಯಲ್ಲಿದ್ದಾಳೆ, ವಕೀಲರನ್ನೂ ನೋಡಿದ್ದಾಳೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಭಾವ ಮತ್ತು ನಮ್ಮನೆಯವರು ಸ್ನೇಹಿತರು, ಅಡಿಕೆ ಮಂಡಿಗೆ ಒಟ್ಟಿಗೆ ಹೋಗುವವರು. ಮೊನ್ನೆ ನನ್ನ ಫೋನಿನಲ್ಲಿ ಹಳೇ ಕರೆಗಳೆಲ್ಲ ರೆಕಾರ್ಡ್ ಆಗಿರುವುದು ಕಂಡಿತು. ಯಾರು ಮಾಡಿದ್ದೋ ಗೊತ್ತಿಲ್ಲ, ಕೇಳಲು ಭಯ. ವೈ-ಫೈನಲ್ಲಿ ಮಾತಾಡಿದರೆ ಅವರಿಗೆ ಕೇಳಿಸುತ್ತದೆಯೇ? ಇನ್ನೊಂದು ವಿಷಯ, ಕಾಲೇಜಿನ ಸ್ನೇಹಿತನೊಬ್ಬ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. ತಪ್ಪಾದದ್ದು ಏನೂ ಇಲ್ಲ. ಆದರೂ ಅವನ ನಂಬರನ್ನು ‘ಟೈಲರ್’ ಎಂದು ಸೇವ್ ಮಾಡಿಕೊಂಡಿದ್ದೇನೆ. ನಾನು ಮಾಡುತ್ತಿರುವುದು ತಪ್ಪೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಪೂರ್ತಿ ನಿಮ್ಮ ಪಕ್ಷದಲ್ಲಿದ್ದೆ. ಎರಡನೇ ಸಲ ಆ ‘ಟೈಲರ್’ ಹತ್ತಿರ ಬಂದು ನಿಂತುಬಿಟ್ಟೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಗುಡ್ಡದ ವಿಷಯ. ನೀವು ಇಷ್ಟು ವರ್ಷ ಹತ್ತಿದ್ದು ಬರೀ ಸಿಗ್ನಲ್ಲಿಗಲ್ಲ. ಕೊಟ್ಟಿಗೆ, ತಿಂಡಿ, ಆಳುಗಳ ಕಾಫಿ, ಮಗನ ಸ್ನಾನ ಎಲ್ಲ ಮುಗಿಸಿದ ಮೇಲೆ ದಿನದಲ್ಲಿ ಅರ್ಧ ಗಂಟೆ ಯಾರೂ ನಿಮ್ಮನ್ನು ಕೂಗದ ಜಾಗ ಅದೊಂದೇ. ಮಳೆಗಾಲದಲ್ಲಿ ಇಂಬಳ ಕಚ್ಚಿಸಿಕೊಂಡು ಹತ್ತಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ, ಏಕೆಂದರೆ ಸಿಗ್ನಲ್ ಇಲ್ಲ ಅನ್ನುವ ನೆಪ ಊರಿಗೆಲ್ಲ ಗೊತ್ತಿತ್ತು. ಫೈಬರ್ ತಂತಿ ಬಂದು ಆ ನೆಪವನ್ನು ಕಿತ್ತುಕೊಂಡಿತು. ನಿಮ್ಮ ಯಜಮಾನರ ಲೆಕ್ಕದಲ್ಲಿ ಅವರು ಹೆಂಡತಿಗೆ ಅನುಕೂಲ ಮಾಡಿಕೊಟ್ಟಿದ್ದಾರೆ. ದುಡ್ಡು ಕೊಟ್ಟು ಹಾಕಿಸಿದ ಅನುಕೂಲವನ್ನು ಬಿಟ್ಟು ಹೆಂಡತಿ ಮತ್ತೆ ಗುಡ್ಡ ಹತ್ತಿದರೆ ಯಾವ ಗಂಡನಿಗಾದರೂ “ಎಂಥಕ್ಕೆ?” ಅನ್ನಿಸುತ್ತದೆ. ಆ ಪ್ರಶ್ನೆಯಲ್ಲಿ ಅನುಮಾನ ಎಷ್ಟಿದೆಯೋ ನನಗೆ ಗೊತ್ತಿಲ್ಲ, ಬೇಜಾರಂತೂ ಇದೆ.

ಆದರೆ ಜಗಲಿಯಲ್ಲಿ ಕೂತು ಮಾತಾಡು ಅನ್ನುವವರಿಗೆ ನಮ್ಮ ಕಡೆಯ ಮನೆಗಳು ಹೇಗಿರುತ್ತವೆ ಎಂದು ಮರೆತುಹೋಗಿರುತ್ತದೆ. ಹಲಗೆಯ ಅಟ್ಟದ ಮೇಲೆ ಪಿಸುಗುಟ್ಟಿದರೂ ಕೆಳಗೆ ಕೇಳುತ್ತದೆ. ನನ್ನ ತವರಿನಲ್ಲಿ ಲ್ಯಾಂಡ್‌ಲೈನ್ ಇದ್ದದ್ದು ಜಗಲಿಯ ಗೂಡಿನಲ್ಲಿ, ಕಸೂತಿ ಬಟ್ಟೆ ಹೊದೆಸಿಕೊಂಡು. ನಿಶ್ಚಿತಾರ್ಥವಾದ ಮೇಲೆ ಗಂಡಿನ ಕಡೆಯಿಂದ ನನಗೆ ಮೊದಲ ಫೋನು ಬಂದ ಸಂಜೆ ಅಲ್ಲಿ ಹನ್ನೊಂದು ಜನ ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿಯ ಸದ್ದು ತಟ್ಟನೆ ನಿಂತಿತು. ನಾನು ‘ಹೂಂ’, ‘ಊಹೂಂ’ ಎರಡರಲ್ಲೇ ಇಡೀ ಮಾತು ಮುಗಿಸಿದೆ. ನಿಜವಾದ ಮಾತಿಗೆ ಪೇಟೆಗೆ ಹೋದಾಗ ಎಸ್‌ಟಿಡಿ ಬೂತೇ ಆಗಬೇಕಿತ್ತು. ಗಾಜಿನ ಬಾಗಿಲು ಹಾಕಿಕೊಂಡರೆ ಒಳಗೆ ಸೆಕೆ, ಕಣ್ಣೆದುರು ಕೆಂಪು ಅಂಕಿಯಲ್ಲಿ ಓಡುವ ದುಡ್ಡು. ಆದರೂ ಹೊರಗಿನವರಿಗೆ ನನ್ನ ತುಟಿ ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ನಿಮ್ಮ ನೆಲ್ಲಿಮರ ಎಂಥದ್ದು ಎಂದು ನನಗೆ ವಿವರಿಸುವುದೇ ಬೇಡ.

“ನನ್ನ ಫೋನಿಗೆ ಲಾಕೇ ಇಲ್ಲ” ಅನ್ನುವ ಮಾತಿನ ಬಗ್ಗೆ ಒಂದಿಷ್ಟು. ಅವರ ಫೋನಿನಲ್ಲಿ ಇರುವುದೇನು? ಮಂಡಿಯ ಧಾರಣೆ, ಅಡಿಕೆ ಕೊಯ್ಯುವ ಕೊನೆಗಾರ ನಾಳೆ ಬರುತ್ತಾನೋ ಇಲ್ಲವೋ, ಮೋಟಾರು ಕೆಟ್ಟದ್ದು. ತೆರೆದಿಡುವುದು ಸುಲಭ. ಮನೆಯ ಪಾಲಿನ ಮಾತು, ಸಾಲದ ಮಾತು ಬಂದಾಗ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಒಂದು ವಾರ ಗಮನಿಸಿ ನೋಡಿ. ನನ್ನ ಊಹೆ, ಅಂಗಳ ದಾಟಿ ತೋಟದ ಕಡೆಗೆ. ಗಂಡಸು ಫೋನ್ ಕಿವಿಗಿಟ್ಟುಕೊಂಡು ದಣಪೆ ದಾಟಿದರೆ ವ್ಯವಹಾರ, ಹೆಂಗಸು ದಾಟಿದರೆ ಗುಟ್ಟು. ಇದನ್ನು ಜಗಳದ ಮಾತಾಗಿ ಆಡಬೇಡಿ. ನಗುತ್ತಲೇ ಕೇಳಿ: “ನೀವು ತೋಟಕ್ಕೆ ಹೋಗಿ ಮಾತಾಡುವಾಗ ನಾನು ಕೇಳ್ತೀನಾ?”

ಇನ್ನು ಅಕ್ಕ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅಕ್ಕ ಹೇಳಿದ್ದು ನಿಮಗೆ, ನಿಮ್ಮ ದಾಂಪತ್ಯಕ್ಕಲ್ಲ. ನೀವು ಮನಸ್ಸು ಮಾಡಿದರೂ ಆ ವಿಷಯವನ್ನು ಗಂಡನಿಗೆ ದಾಟಿಸುವ ಅಧಿಕಾರ ನಿಮಗಿಲ್ಲ. ಭಾವನ ಜೊತೆ ಜೀಪಿನಲ್ಲಿ ಮಂಡಿಗೆ ಹೋಗುವವರ ಮೇಲೆ ಅಂಥ ಭಾರ ಹೊರಿಸುವುದು ಅವರಿಗೂ ಅನ್ಯಾಯವೇ. ಹೇಳಿದರೆ ಗೆಳೆಯನಿಗೆ ದ್ರೋಹ, ಹೇಳದಿದ್ದರೆ ದಾರಿಯುದ್ದಕ್ಕೂ ಮುಖ ನೋಡಲಾಗದ ಸಂಕಟ.

ಹಾಗೆಂದು ಬಾಯಿ ಹೊಲಿದುಕೊಂಡು ಕೂರುವುದೂ ಸರಿಯಲ್ಲ. ಇವತ್ತಲ್ಲ ನಾಳೆ ಅಕ್ಕನ ವಿಷಯ ಹೊರಬೀಳುತ್ತದೆ. ಅವತ್ತು ನಿಮ್ಮ ಯಜಮಾನರಿಗೆ ನೋವಾಗುವುದು ಅಕ್ಕ ಹೊರಟಳು ಎಂದಲ್ಲ, “ನಿನಗೆ ಗೊತ್ತಿತ್ತು, ನನ್ನನ್ನು ಪೆದ್ದನ ಹಾಗೆ ಓಡಾಡಲು ಬಿಟ್ಟೆ” ಎಂದು. ಅದಕ್ಕೆ ಈಗಲೇ ಒಂದು ಕೆಲಸ ಮಾಡಿ. ಅಕ್ಕನ ಹತ್ತಿರ ಒಂದೇ ಒಂದು ವಾಕ್ಯಕ್ಕೆ ಒಪ್ಪಿಗೆ ಕೇಳಿ. ‘ಅಕ್ಕನಿಗೆ ಏನೋ ಕಷ್ಟ ಇದೆ, ಏನೆಂದು ಅವಳೇ ಹೇಳುವವರೆಗೆ ನಾನು ಹೇಳುವುದಿಲ್ಲ’ ಎಂಬಷ್ಟಕ್ಕೆ. ಅಕ್ಕ ಅದಕ್ಕೂ ಒಪ್ಪದಿದ್ದರೆ ಹೆಸರು ಬಿಟ್ಟು ಹೇಳಿ: “ನನ್ನ ಹತ್ತಿರದವರೊಬ್ಬರು ನನ್ನನ್ನು ನಂಬಿ ಏನೋ ಹೇಳ್ಕೊಂಡಿದ್ದಾರೆ. ಅದು ನಮ್ಮಿಬ್ಬರ ವಿಷಯ ಅಲ್ಲ. ನಾಳೆ ನಿಮ್ಮ ವಿಷಯಾನೂ ನಾನು ಹೀಗೇ ಕಾಯ್ತೀನಿ.” ಯಾರು ಎಂದು ಕೇಳಿಯೇ ಕೇಳುತ್ತಾರೆ. “ಅವರನ್ನ ಕೇಳಿ ಹೇಳ್ತೀನಿ” ಅನ್ನಿ. ಊಟದ ಹೊತ್ತಿನಲ್ಲಿ, ಅತ್ತೆಯವರ ಎದುರು ಈ ಮಾತು ತೆಗೆಯಬೇಡಿ.

ಅಕ್ಕನಿಗೂ ಎರಡು ವಿಷಯ ತಲುಪಿಸಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಮತ್ತೆ, ಗಂಡ-ಹೆಂಡಿರಲ್ಲಿ ಒಬ್ಬರು ಇನ್ನೊಬ್ಬರ ಜೊತೆಗಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವಿಚ್ಛೇದನದಂಥ ಪ್ರಕರಣದಲ್ಲಿ ಅದನ್ನು ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಹಾಗಾಗಿ ಭಾವನ ಜೊತೆ ಫೋನಿನಲ್ಲಿ ಸಿಟ್ಟಿಗೆದ್ದು ಬಾಯಿಗೆ ಬಂದದ್ದು ಆಡುವ ಮೊದಲು ಅವಳು ಯೋಚಿಸಲಿ. ಗಂಡ-ಹೆಂಡತಿ ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತ ತಲುಪಿದ್ದರೆ ಸಂಬಂಧ ಆಗಲೇ ಮುರಿದಿದೆ ಎನ್ನುವುದರ ಲಕ್ಷಣ ಅದು ಎಂಬ ಅರ್ಥದ ಮಾತು ಅದೇ ತೀರ್ಪಿನಲ್ಲಿದೆ.

ನಿಮ್ಮ ಫೋನಿನ ರೆಕಾರ್ಡಿಂಗ್ ಬೇರೆ ಸಂಗತಿ. ಅದರಲ್ಲಿರುವುದು ಅಕ್ಕನ ದನಿ. ಯಾರ ತಲೆಗೂ ಕಟ್ಟುವ ಮೊದಲು ಸ್ವಲ್ಪ ಪತ್ತೇದಾರಿ ಮಾಡಿ. ಕೆಲವು ಕಂಪನಿಯ ಫೋನುಗಳಲ್ಲಿ ಎಲ್ಲ ಕರೆಯೂ ತಾನಾಗಿ ರೆಕಾರ್ಡ್ ಆಗುವ ಆಯ್ಕೆ ಇರುತ್ತದೆ. ಒಮ್ಮೆ ಆನ್ ಆದರೆ ಆಫ್ ಮಾಡುವವರೆಗೆ ನಡೆಯುತ್ತಲೇ ಇರುತ್ತದೆ. ಅಂಗಡಿಯವನು ಹಾಕಿಕೊಟ್ಟಿರಬಹುದು, ಮಗ ಆಟವಾಡುತ್ತ ಒತ್ತಿರಬಹುದು. ಎಲ್ಲಕ್ಕಿಂತ ಹಳೆಯ ಫೈಲಿನ ತಾರೀಕು ನೋಡಿ. ಫೋನು ಕೊಂಡ ದಿನದ ಹತ್ತಿರ ಇದ್ದರೆ ನಿಶ್ಚಿಂತೆಯಿಂದಿರಿ. ನಿಮ್ಮಿಬ್ಬರ ನಡುವೆ ಗುಡ್ಡದ ಮಾತು ಶುರುವಾದ ಮೇಲಿನ ತಾರೀಕಾಗಿದ್ದರೆ ಕೇಳಲೇಬೇಕು. “ಇದು ಆನ್ ಆಗಿತ್ತು, ನಾನು ಆಫ್ ಮಾಡಿದೆ, ಇದ್ದದ್ದನ್ನೆಲ್ಲ ಅಳಿಸಿದೆ. ನೀವು ಮಾಡಿದ್ದಾ?” ಅಷ್ಟೇ. ಅಳಿಸಿದ ಮೇಲೆ ಕೇಳಿ, ಮೊದಲಲ್ಲ. ಅವರೇ ಮಾಡಿದ್ದರೆ ಅದು ತಪ್ಪು ಎಂದು ಹೇಳಲು ಹಿಂಜರಿಯಬೇಡಿ. ‘ಎಂಥಕ್ಕೆ’ ಎಂದು ಎದುರು ನಿಂತು ಕೇಳುವ ಗಂಡನ ಜೊತೆ ಬಾಳಬಹುದು, ಕದ್ದು ಕೇಳುವವನ ಜೊತೆ ಉಸಿರು ಕಟ್ಟುತ್ತದೆ.

ವೈ-ಫೈ ಭಯ ಬಿಡಿ. ರೂಟರ್ ಅವರ ಹೆಸರಿನಲ್ಲಿದ್ದ ಮಾತ್ರಕ್ಕೆ ನಿಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ. ವಾಟ್ಸ್ಆ್ಯಪ್ ಕರೆಯಂತೂ ಆ ಕಡೆಯ ಫೋನು, ಈ ಕಡೆಯ ಫೋನು ಎರಡನ್ನು ಬಿಟ್ಟು ನಡುವೆ ಎಲ್ಲಿಯೂ ಬಿಚ್ಚಿಕೊಳ್ಳುವುದಿಲ್ಲ. ನೋಡಬೇಕಾದದ್ದು ವಾಟ್ಸ್ಆ್ಯಪ್ ಸೆಟ್ಟಿಂಗ್ಸಿನಲ್ಲಿರುವ ‘ಲಿಂಕ್ಡ್ ಡಿವೈಸಸ್’. ನಿಮಗೆ ಗೊತ್ತಿಲ್ಲದ ಕಂಪ್ಯೂಟರೋ ಫೋನೋ ಅಲ್ಲಿದ್ದರೆ ನಿಮ್ಮ ಮೆಸೇಜುಗಳು ಅಲ್ಲೂ ತೆರೆಯುತ್ತಿವೆ ಎಂದೇ ಅರ್ಥ, ಲಾಗ್ ಔಟ್ ಮಾಡಿ. ಒಂದು ಸಣ್ಣ ಸಲಹೆ: ರೂಟರಿನಿಂದ ಒಂದು ತಂತಿ ಎಳೆಸಿ ಉಪ್ಪರಿಗೆಯಲ್ಲೋ ಹಿತ್ತಿಲ ಕಡೆಯ ಕೋಣೆಯಲ್ಲೋ ಇನ್ನೊಂದು ಪೆಟ್ಟಿಗೆ ಇಡಿಸಿ. ಜಡಿಮಳೆಯಲ್ಲಿ ಗುಡ್ಡ ಜಾರುತ್ತದೆ, ಸಿಡಿಲಿಗೆ ಮರದ ಬುಡವೂ ಒಳ್ಳೆಯದಲ್ಲ.

ಗಂಡ-ಹೆಂಡಿರ ನಡುವೆ ಕಾನೂನು ತರುವುದು ನನಗೆ ಇಷ್ಟವಿಲ್ಲ. ಆದರೂ ‘ನಾನು ಕೇಳುತ್ತಿರುವುದು ಹೆಚ್ಚಾಯಿತೇ’ ಎಂಬ ಅಳುಕು ನಿಮ್ಮ ಪತ್ರದ ತುಂಬ ಇದೆಯಲ್ಲ, ಅದಕ್ಕೆ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದನ್ನು ಯಜಮಾನರಿಗೆ ಓದಿ ಹೇಳಬೇಡಿ ಮಾರಾಯ್ತಿ, ನಿಮ್ಮ ಧೈರ್ಯಕ್ಕಷ್ಟೇ ಇಟ್ಟುಕೊಳ್ಳಿ. ಒಂದು ವೇಳೆ ಪ್ರಶ್ನೆ ಹೋಗಿ ಫೋನ್ ಕಸಿದುಕೊಳ್ಳುವುದು, ತವರಿಗೆ ಮಾತಾಡಬೇಡ ಎಂದು ತಡೆಯುವುದು ಶುರುವಾದರೆ ಅದು ದಾಂಪತ್ಯದ ಮುನಿಸಲ್ಲ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ನೀವು ಬರೆದದ್ದರಲ್ಲಿ ಅಂಥ ಸುಳಿವು ನನಗೆ ಕಾಣಲಿಲ್ಲ.

ಈಗ ಟೈಲರ್.

ಇಷ್ಟು ಹೊತ್ತು ನಿಮ್ಮ ಪರ ವಾದಿಸಿದ ನಾನು ಇಲ್ಲಿ ಆ ಕಡೆಗೆ ಹೋಗಿ ಕೂರುತ್ತೇನೆ. ಗುಡ್ಡದ ಮೇಲೆ ಏನು ಮಾತಾಡಿದಿರಿ ಎಂದು ಹೇಳದಿರುವುದು ನಿಮ್ಮ ಹಕ್ಕು. ಯಾರ ಜೊತೆ ಎಂಬುದಕ್ಕೆ ಸುಳ್ಳು ಹೆಸರು ಬರೆದಿಡುವುದು ಹಾಗಲ್ಲ. ಅಕ್ಕನ ವಿಷಯದಲ್ಲಿ ನೀವು ಸುಮ್ಮನಿದ್ದೀರಿ, ಇದರಲ್ಲಿ ಸುಳ್ಳು ಹೇಳಿದ್ದೀರಿ. ಒಂದು ದಿನ ನೀವು ಬಚ್ಚಲಲ್ಲಿರುವಾಗ ಫೋನ್ ಹೊಡೆದುಕೊಳ್ಳುತ್ತದೆ. ಬ್ಲೌಸ್ ಆಗಿರಬೇಕು ಎಂದು ಅವರೇ ಎತ್ತುತ್ತಾರೆ, ಪಾಪ, ಉಪಕಾರಕ್ಕೇ. ಆ ಕಡೆಯಿಂದ ಗಂಡಸಿನ ದನಿ ನಿಮ್ಮ ಕಾಲೇಜಿನ ಕಾಲದ ಅಡ್ಡಹೆಸರು ಹಿಡಿದು ಕರೆಯುತ್ತದೆ. ಆಮೇಲೆ ಏನೂ ಇಲ್ಲ ಎಂದು ನೀವು ಎಷ್ಟು ಹೇಳಿದರೂ, ಏನೂ ಇಲ್ಲದ್ದಕ್ಕೆ ಟೈಲರ್ ಯಾಕೆ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಅಲ್ಲಿಯವರೆಗಿನ ಗುಡ್ಡದ ಪ್ರತಿಯೊಂದು ಸಂಜೆಯೂ, ಅಕ್ಕನ ಜೊತೆ ಕಣ್ಣೀರು ಹಾಕಿದ್ದೂ ಸೇರಿ, ಟೈಲರ್ ಲೆಕ್ಕಕ್ಕೆ ಹೋಗುತ್ತದೆ.

ಹಾಗಾಗಿ ಅಕ್ಕನ ಮಾತು ಎತ್ತುವ ಮೊದಲು ಇದನ್ನು ಎತ್ತಿ. “ಕಾಲೇಜಲ್ಲಿ ಇದ್ದ ಇಂಥವನು ಆಗಾಗ ಫೋನ್ ಮಾಡ್ತಾನೆ. ನೀವು ಏನಂದ್ಕೊಳ್ತೀರೋ ಅಂತ ಹೇಳಿರಲಿಲ್ಲ, ಹೇಳದೇ ಇದ್ದದ್ದು ತಪ್ಪಾಯ್ತು.” ಎರಡು ದಿನ ಮುಖ ಊದಿಸಿಕೊಂಡಾರು. ಊದಿಸಿಕೊಳ್ಳಲಿ, ಅದು ಅವರ ಪಾಲಿನ ಹಕ್ಕು. ಮುಂದಿನ ಸಲ ಆ ಸ್ನೇಹಿತನ ಕರೆ ಬಂದಾಗ ಜಗಲಿಯಲ್ಲೇ ಕೂತು ಮಾತಾಡಿ, ಮನೆಯವರಿಗೂ ಫೋನ್ ಕೊಟ್ಟು ಪರಿಚಯ ಮಾಡಿಸಿ. ಹಾಗೆ ಕೊಡಲು ನಿಮ್ಮ ಕೈ ಹಿಂಜರಿದರೆ ಯಾಕೆ ಎಂದು ನೀವೇ ಕೂತು ಯೋಚಿಸಬೇಕು, ಅದಕ್ಕೆ ನೆಲ್ಲಿಮರದ ಬುಡ ಒಳ್ಳೆಯ ಜಾಗ.

ಹೆಸರನ್ನು ಮಾತ್ರ ಈ ಪತ್ರಿಕೆ ಮಡಚಿಡುವ ಮೊದಲೇ ಬದಲಾಯಿಸಿ.